ಹಾಡು ಕಟ್ಟಿದವರನ್ನು ಮೊದಲ ಹಾಡಿಗೇ ಕಟ್ಟಿಹಾಕಬೇಡಿ

"ಸಿದ್ದಲಿಂಗಯ್ಯ ಮೊದಲಿನ ಹಾಗೆ ಉಳಿಯಲಿಲ್ಲ ಕಣ್ರೀ..."

ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಟೀ ಅಂಗಡಿ ಮುಂದೆ ಕೇಳಿದ್ದೇನೆ, ಕವಿಗೋಷ್ಠಿ ಮುಗಿದ ಮೇಲೆ ಊಟದ ಸಾಲಿನಲ್ಲಿ ಕೇಳಿದ್ದೇನೆ, ಅವರು ತೀರಿಕೊಂಡ ದಿನ ಬಂದ ಶ್ರದ್ಧಾಂಜಲಿಗಳ ನಡುವೆಯೂ ಓದಿದ್ದೇನೆ. ಹೇಳುವವರ ಮುಖದಲ್ಲಿ ಒಂದು ಥರದ ನೋವಿರುತ್ತದೆ, ಅದನ್ನು ಸುಳ್ಳು ಅನ್ನಲಾರೆ. ಒಂದು ಕಾಲಕ್ಕೆ ಅವರ ಹಾಡು ಹಾಡಿಕೊಂಡು ಬೀದಿಗೆ ಇಳಿದವರು ಅವರು. ಹಾಡು ಬರೆದವರು ಆಮೇಲೆ ವಿಧಾನ ಪರಿಷತ್ತಿಗೆ ಹೋದರು, ಸಿನಿಮಾಕ್ಕೆ ಪ್ರೇಮಗೀತೆ ಬರೆದರು, ಸಭೆಗಳಲ್ಲಿ ಜನರನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದರು. ಇವರಿಗೆ ಮೋಸ ಹೋದ ಹಾಗೆ ಅನಿಸಿತು.

ನನ್ನ ತಕರಾರು ಇಲ್ಲಿಂದಲೇ ಶುರು. ಒಬ್ಬ ಮನುಷ್ಯ ಇಪ್ಪತ್ತೊಂದನೇ ವಯಸ್ಸಿನಲ್ಲಿ ಕಟ್ಟಿದ ಹಾಡನ್ನೇ ಅರವತ್ತೇಳನೇ ವಯಸ್ಸಿನವರೆಗೂ ಕಟ್ಟುತ್ತಿರಬೇಕು ಅಂತ ಕೇಳೋದು ಯಾವ ನ್ಯಾಯ? ಅಷ್ಟಕ್ಕೂ ಅವರು ನಿಜವಾಗಿ ಬದಲಾದರೇ? ಅಥವಾ ಶುರುವಿನಿಂದ ಮಾಡುತ್ತಿದ್ದ ಕೆಲಸವನ್ನೇ ಬೇರೆ ದನಿಯಲ್ಲಿ ಮಾಡಿದರೇ?

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಸಿದ್ದಲಿಂಗಯ್ಯ ಅಂದ ತಕ್ಷಣ ಕೆಲವರಿಗೆ 'ಬಂಗಾರದ ಮನುಷ್ಯ' ನಿರ್ದೇಶಕರು ನೆನಪಾಗುತ್ತಾರೆ. ಅವರು ಬೇರೆ. ನಾನು ಹೇಳುತ್ತಿರೋದು ಕವಿ ಸಿದ್ದಲಿಂಗಯ್ಯನವರ ಬಗ್ಗೆ. ಹುಟ್ಟಿದ್ದು 1954ರ ಫೆಬ್ರವರಿ 3, ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ. ತೀರಿಕೊಂಡದ್ದು 2021ರ ಜೂನ್ 11ರಂದು, ಬೆಂಗಳೂರಿನಲ್ಲಿ, ಕೊರೋನಾದಿಂದ. ನಮ್ಮ ಸೋಲೂರು ಇದೇ ಸೀಮೆಯ ಉತ್ತರದ ತುದಿ, ಹೆದ್ದಾರಿಯ ಮೇಲೆ ಕೂತ ಊರು. ಮಂಚನಬೆಲೆ ಮಾಗಡಿ ದಾಟಿದ ಮೇಲೆ ದಕ್ಷಿಣದ ಕಡೆ, ಅರ್ಕಾವತಿ ಪಕ್ಕ. ಇವತ್ತು ಆ ಹೆಸರು ಹೇಳಿದರೆ ಬೆಂಗಳೂರಿನವರಿಗೆ ಅಣೆಕಟ್ಟು, ಸಾವನದುರ್ಗ, ಭಾನುವಾರದ ಪಿಕ್‌ನಿಕ್ಕು ನೆನಪಾಗುತ್ತವೆ. ನಮ್ಮ ಹೋಬಳಿಯನ್ನು ಸರ್ಕಾರದವರು ಯಾವ ತಾಲೂಕಿಗೆ ಸೇರಿಸಲಿ, ಜಿಲ್ಲೆಗೆ ಯಾವ ಹೆಸರಿಡಲಿ, ಮಾಗಡಿ ಸೀಮೆಯವರು ಅನ್ನುವ ಸಲಿಗೆಯಿಂದಲೇ ನಾನು ಇದನ್ನು ಬರೆಯುತ್ತಿದ್ದೇನೆ.

ಈಗ ಸ್ವಲ್ಪ ದೂರ ಹೋಗಿ ಬರೋಣ, ಕಾರಣ ಇದೆ.

ಅಮೆರಿಕದಲ್ಲಿ 'ಅಮೆರಿಕಾನಾ' ಅಂತ ಒಂದು ಸಂಗೀತದ ಬಗೆ ಇದೆ. ಅಲ್ಲಿನ ಜನಪದ ಹಾಡು, ಹಳ್ಳಿಗಾಡಿನ ಕಂಟ್ರಿ ಸಂಗೀತ, ಕರಿಯರ ಬ್ಲೂಸ್ ಎಲ್ಲ ಬೆರೆತದ್ದು. ಅದರಲ್ಲಿ ಕತೆ ಹೇಳುವ ಹಾಡುಗಾರರ ದೊಡ್ಡ ಪರಂಪರೆಯೇ ಇದೆ. ತಾವೇ ಬರೆದು, ತಾವೇ ರಾಗ ಕಟ್ಟಿ, ಒಂದು ಗಿಟಾರ್ ಹಿಡಿದು ಮೂರು ನಾಲ್ಕು ನಿಮಿಷದಲ್ಲಿ ಒಬ್ಬ ಮನುಷ್ಯನ ಇಡೀ ಬಾಳನ್ನು ಹೇಳಿ ಮುಗಿಸುತ್ತಾರೆ. ನಮಗೆ ಇದು ಹೊಸದೇನಲ್ಲ. 'ಕೆರೆಗೆ ಹಾರ' ಕೇಳಿದವರಿಗೆ, ಗೋವಿನ ಹಾಡು ಕೇಳಿ ಕಣ್ಣೀರು ಹಾಕಿದವರಿಗೆ, ಜಾತ್ರೆಯಲ್ಲಿ ಲಾವಣಿ ಕೇಳಿದವರಿಗೆ ಹಾಡಿನಲ್ಲಿ ಕತೆ ಹೇಳೋದು ಅಂದರೆ ಏನು ಅಂತ ಯಾರೂ ಕಲಿಸಬೇಕಾಗಿಲ್ಲ.

ಆ ಹಾಡುಗಾರರಲ್ಲಿ ಜಾನ್ ಪ್ರೈನ್ ಅಂತ ಒಬ್ಬರಿದ್ದರು. ಶಿಕಾಗೋ ಪಕ್ಕದ ಮೇವುಡ್ ಅನ್ನುವ ಊರಿನವರು, ಅಂಚೆ ಹಂಚುವ ಕೆಲಸ. ಮನೆಯಿಂದ ಮನೆಗೆ ಕಾಗದ ಹಾಕುತ್ತಾ ಮನಸ್ಸಿನಲ್ಲೇ ಹಾಡು ಕಟ್ಟುತ್ತಿದ್ದರಂತೆ. 1971ರಲ್ಲಿ ಮೊದಲ ಆಲ್ಬಂ ಬಂತು. ಅದರ ಒಂದು ಹಾಡಿನಲ್ಲಿ ಯುದ್ಧದಿಂದ ಮರಳಿದ ಸೈನಿಕನೊಬ್ಬ ಮಾದಕ ವಸ್ತುವಿನ ದಾಸನಾಗಿ ಸಾಯುತ್ತಾನೆ. ಇನ್ನೊಂದು ಹಾಡು ಅವರ ಅಪ್ಪ ಅಮ್ಮನ ಸೀಮೆಯದು. ಕಲ್ಲಿದ್ದಲಿಗಾಗಿ ನೆಲ ಬಗೆದು ಬಗೆದು ಒಂದು ಊರೇ ಇಲ್ಲದಂತಾದ ಕತೆ. ಇಷ್ಟು ಕಹಿ ವಿಷಯ ಹೇಳುವ ಮನುಷ್ಯ ವೇದಿಕೆಯಲ್ಲಿ ನಗಿಸುತ್ತಿದ್ದರು! ಹಾಡು ಹಾಡಿಗೂ ನಡುವೆ ತಮಾಷೆ, ಹಾಡಿನ ಒಳಗೂ ತಮಾಷೆ. 2020ರ ಏಪ್ರಿಲ್ 7ರಂದು ಅವರೂ ಕೊರೋನಾದಿಂದಲೇ ಹೋದರು. ಹದಿನಾಲ್ಕು ತಿಂಗಳ ಅಂತರದಲ್ಲಿ ಭೂಮಿಯ ಎರಡು ಕಡೆ ಇಬ್ಬರು ಕತೆಗಾರ ಹಾಡುಕಟ್ಟುವವರನ್ನು ಒಂದೇ ಕಾಯಿಲೆ ತೆಗೆದುಕೊಂಡು ಹೋಯಿತು.

"ಸಿದ್ದಲಿಂಗಯ್ಯ ಗಾಯಕರಲ್ಲವಲ್ಲ, ಕವಿ ತಾನೇ?" ಅಂತ ನೀವು ಕೇಳಬಹುದು. ಸರಿಯೇ. ಗಿಟಾರ್ ಹಿಡಿದವರಲ್ಲ, ಕ್ಯಾಸೆಟ್ಟು ಮಾಡಿ ಮಾರಿದವರೂ ಅಲ್ಲ. ಆದರೆ ಕನ್ನಡದಲ್ಲಿ ಎಪ್ಪತ್ತರ ದಶಕದ ಮೇಲೆ ಪುಸ್ತಕದಿಂದ ಎದ್ದು ಜನರ ಬಾಯಿಗೆ ಹೋದ ಕವಿತೆ ಯಾರದು ಅಂತ ಕೇಳಿದರೆ ಮೊದಲು ಬರುವ ಹೆಸರುಗಳಲ್ಲಿ ಅವರದೂ ಒಂದು. ಅಕ್ಷರ ಬಾರದವರು ಅವರ ಪದ್ಯಗಳನ್ನು ಪೂರ್ತಿ ಹಾಡುತ್ತಿದ್ದರು. ಬರೆದವರು ಯಾರು ಅಂತ ಕೇಳಿದರೆ "ಅದು ನಮ್ಮ ಹಾಡು" ಅನ್ನುತ್ತಿದ್ದರು. ಹಾಡುಕಟ್ಟುವವರಿಗೆ ಇದಕ್ಕಿಂತ ದೊಡ್ಡ ಗಾಯಕರ ಪಟ್ಟ ಇನ್ನೇನು ಬೇಕು?

ಈಗ 1975ಕ್ಕೆ ಬರೋಣ. ಆ ವರ್ಷ ಆಗಸ್ಟ್ 15ರಂದು 'ಶೋಲೆ' ಬಿಡುಗಡೆಯಾಯಿತು. ರಾಮನಗರದ ಬಂಡೆಗಳನ್ನು ಇಡೀ ದೇಶ ಬಾಯಿ ಬಿಟ್ಟುಕೊಂಡು ನೋಡಿತು. ಗಬ್ಬರ್ ಸಿಂಗ್ ಓಡಾಡಿದ ಬಂಡೆ ಅಂತ ಈಗಲೂ ತೋರಿಸುತ್ತಾರೆ. ಅದೇ ವರ್ಷ, ಪಕ್ಕದ ಮಾಗಡಿ ತಾಲೂಕಿನಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಂಪುರದಲ್ಲಿ ಬೆಳೆದ ಒಬ್ಬ ಹುಡುಗನ ಮೊದಲ ಪುಸ್ತಕ 'ಹೊಲೆಮಾದಿಗರ ಹಾಡು' ಬಂತು. ಅದರಲ್ಲೂ ನಮ್ಮ ಸೀಮೆಯ ಕಲ್ಲು ಇದೆ. ಆದರೆ ಕುದುರೆ ಮೇಲೆ ಕೂತು ನೋಡಿದ ಕಲ್ಲಲ್ಲ, ತಲೆ ಮೇಲೆ ಹೊತ್ತ ಕಲ್ಲು.

'ನನ್ನ ಜನಗಳು' ಪದ್ಯದಲ್ಲಿ ಒಂದು ಪದ ಬರುತ್ತದೆ: ಸೈಜುಗಲ್ಲು. ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಪದ. ಬಂಡೆ ಸೀಳಿ, ಅಳತೆಗೆ ಒಡೆದು, ಪಾಯಕ್ಕೂ ಗೋಡೆಗೂ ಹಾಕುವ ಕಲ್ಲು. ಇಂಗ್ಲಿಷಿನ ಸೈಜು, ಕನ್ನಡದ ಕಲ್ಲು, ಎರಡೂ ಸೇರಿ ಕ್ವಾರಿಯಲ್ಲಿ ಹುಟ್ಟಿದ ಪದ. ಅಲ್ಲಿವರೆಗೆ ಅಂಥ ಪದಕ್ಕೆ ಕನ್ನಡ ಕಾವ್ಯದ ಬಾಗಿಲು ಎಷ್ಟು ಸಲ ತೆರೆದಿತ್ತು? ಸಿದ್ದಲಿಂಗಯ್ಯ ಅದನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು. ಆ ಪದ್ಯದ ಕಟ್ಟಡ ನೋಡಿದರೆ ಅದು ಒಂದು ಹಾಜರಿ ಪುಸ್ತಕ. ಹಸಿದು ಸತ್ತವರು, ಕಲ್ಲು ಹೊತ್ತವರು, ಏಟು ತಿಂದವರು ಅಂತ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಭಾಷಣ ಇಲ್ಲ, ವಿವರಣೆ ಇಲ್ಲ. ಕೂಲಿ ಮೇಸ್ತ್ರಿ ಸಂಜೆ ಹೆಸರು ಕೂಗುವ ಹಾಗೆ ಕವಿ ಒಬ್ಬೊಬ್ಬರನ್ನೇ ಕರೆಯುತ್ತಾ ಹೋಗುತ್ತಾರೆ. ಕೇಳುತ್ತಾ ಕೇಳುತ್ತಾ ನಮಗೇ ಗೊತ್ತಾಗುತ್ತದೆ, ಈ ಊರು ಕಟ್ಟಿದವರು ಯಾರು, ಈ ಊರಿನಲ್ಲಿ ಮನೆ ಇಲ್ಲದವರು ಯಾರು ಅಂತ.

ಇದನ್ನು ಬರೀ ಸಿಟ್ಟಿನ ಪದ್ಯ ಅನ್ನೋರು ಇದ್ದಾರೆ. ಸಿಟ್ಟು ಇದೆ, ಇಲ್ಲ ಅನ್ನಲ್ಲ. ಒದೆಯಿರಿ, ಚರ್ಮ ಸುಲಿಯಿರಿ ಅನ್ನುವ ಇನ್ನೊಂದು ಹಾಡಂತೂ ಆ ಕಾಲಕ್ಕೆ ಸಿಡಿಲು ಬಡಿದ ಹಾಗಿತ್ತು. ಕಾಲವೂ ಅಂಥದ್ದೇ. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಮಾತಿಗೆ ರಾಜ್ಯ ಹೊತ್ತಿ ಉರಿದು, ದಲಿತ ಹುಡುಗರ ಮೇಲೆ ಹಲ್ಲೆಗಳಾಗಿ, ಅವರು ರಾಜೀನಾಮೆ ಕೊಡಬೇಕಾಗಿ ಬಂದಿತ್ತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಅದರ ಬೆನ್ನಿಗೇ. ಮೆರವಣಿಗೆ ಅಂದ ಮೇಲೆ ಹಾಡು ಬೇಕು. ಹಾಡು ಬೇಕು ಅಂದಾಗ ಈ ಪುಸ್ತಕ ಕೈಗೆ ಸಿಕ್ಕಿತು. ತಮಟೆ ಏಟಿಗೆ ಸರಿಯಾಗಿ ಕೂರುವ ಪದಗಳು, ಒಂದು ಸಲ ಕೇಳಿದರೆ ಎರಡನೇ ಸಲ ಜೊತೆಗೆ ಹಾಡಬಹುದಾದ ಸಾಲುಗಳು. ಬೇರೆ ಏನು ಬೇಕು?

ಆದರೆ ಆ ಸಿಟ್ಟಿನ ಒಳಗೆ ಯಾವಾಗಲೂ ಒಬ್ಬ ಕತೆಗಾರ ಕೂತಿದ್ದರು. ನಾನು ಒತ್ತಿ ಹೇಳಬೇಕಾದ್ದು ಇದನ್ನೇ.

ನಲವತ್ತೇಳರ ಸ್ವಾತಂತ್ರ್ಯದ ಬಗೆಗಿನ ಅವರ ಹಾಡು ನಿಮಗೆ ಗೊತ್ತಿದ್ದೇ ಇರುತ್ತದೆ. ಅದರಲ್ಲಿ ಸ್ವಾತಂತ್ರ್ಯ ಅನ್ನೋದು ಒಂದು ತತ್ವ ಅಲ್ಲ, ಎಲ್ಲಿಂದಲೋ ಹೊರಟು ಬಂದ ಒಬ್ಬ ನೆಂಟನ ಹಾಗೆ. ಬಂತಂತಲ್ಲ, ಯಾರ ಮನೆಗೆ ಬಂತು? ಯಾರ ಬಾಗಿಲಲ್ಲಿ ಇಳಿಯಿತು? ಯಾರ ಗುಡಿಸಲ ಮುಂದೆ ನಿಲ್ಲದೆ ಹೋಯಿತು? ಹಳ್ಳಿಯ ಹೆಂಗಸರು ನಲ್ಲಿ ಹತ್ತಿರ "ಅವರ ಮನೆಗೆ ಯಾರೋ ಬಂದಿದ್ದರಂತಲ್ಲ" ಅಂತ ವಿಚಾರಿಸುವ ಧಾಟಿಯಲ್ಲೇ ಒಂದು ಗಣರಾಜ್ಯವನ್ನು ಕಟಕಟೆಗೆ ನಿಲ್ಲಿಸಿಬಿಡುತ್ತಾರೆ. ನನಗೆ ತಿಳಿದ ಮಟ್ಟಿಗೆ ಇಷ್ಟು ಕಡಿಮೆ ಪದಗಳಲ್ಲಿ ಇಷ್ಟು ದೊಡ್ಡ ಪ್ರಶ್ನೆ ಕೇಳಿದ ಹಾಡು ಕನ್ನಡದಲ್ಲಿ ಇನ್ನೊಂದಿಲ್ಲ.

1979ರ 'ಸಾವಿರಾರು ನದಿಗಳು' ಸಂಕಲನದ ಹೆಸರಾಂತ ಪದ್ಯವನ್ನೇ ತಗೊಳ್ಳಿ. ಕ್ರಾಂತಿಯ ಬಗ್ಗೆ ಬರೆದವರೆಲ್ಲ 'ನಾಳೆ' ಅಂತ ಬರೆಯುತ್ತಾರೆ. ನಾಳೆ ಬರುತ್ತದೆ, ನಾಳೆ ಸೂರ್ಯ ಹುಟ್ಟುತ್ತಾನೆ, ಹೀಗೆ. ಸಿದ್ದಲಿಂಗಯ್ಯ 'ನಿನ್ನೆ' ಅಂತ ಶುರು ಮಾಡುತ್ತಾರೆ! ಜನ ಬಂದದ್ದು ನಿನ್ನೆ. ಅವರ ಮುಖ ಹೀಗಿತ್ತು, ಗಡ್ಡ ಹೀಗಿತ್ತು, ಹೀಗೆ ನಡೆದರು ಅಂತ, ಜಾತ್ರೆ ನೋಡಿ ಬಂದವರು ಜಗಲಿ ಮೇಲೆ ಕೂತು ಹೇಳುವ ಹಾಗೆ. ಆಗದೇ ಇರುವುದನ್ನು ಆಗಿ ಹೋಯಿತು ಅಂತ ಹೇಳುವ ಧೈರ್ಯ ಕತೆಗಾರನಿಗೆ ಮಾತ್ರ ಇರುತ್ತದೆ. ಕೇಳಿದವರಿಗೆ ಅನುಮಾನವೇ ಬರೋದಿಲ್ಲ. "ಓಹೋ, ನಾನು ಹೋಗಲಿಲ್ಲವಲ್ಲ" ಅಂತ ಎದ್ದು ಹೊರಡುತ್ತಾರೆ.

ಇನ್ನು ಆಮೇಲಿನ ದಾರಿ. 1983ರಲ್ಲಿ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' (ನೋಡಿ, ಹೆಸರು ಗೋವಿನ ಹಾಡಿನದೇ!) ಚಿತ್ರಕ್ಕೆ ಹಾಡು ಬರೆದರು. 1993ರ 'ಬಾ ನಲ್ಲೆ ಮಧುಚಂದ್ರಕೆ'ಗೆ ಬರೆದ ಬೆಟ್ಟ, ಬೆಳದಿಂಗಳ ಹಾಡು ಮದುವೆ ಮನೆಯ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಹಾಡಿಸಿಕೊಳ್ಳುತ್ತದೆ. 1988ರಿಂದ ಎರಡು ಅವಧಿಗೆ ವಿಧಾನ ಪರಿಷತ್ ಸದಸ್ಯರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, ಗ್ರಾಮದೇವತೆಗಳ ಮೇಲೆ ಸಂಶೋಧನೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷಗಿರಿ. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಪಂಪ ಪ್ರಶಸ್ತಿ. ತೀರಿಕೊಂಡ ಮೇಲೆ 2022ರಲ್ಲಿ ಪದ್ಮಶ್ರೀ.

ಈ ಪಟ್ಟಿಯನ್ನೇ ಬೆರಳು ಮಾಡಿ ತೋರಿಸಿ "ನೋಡಿ, ಬೆಂಕಿ ಆರಿಹೋಯಿತು" ಅನ್ನುತ್ತಾರೆ.

ಬಾಬ್ ಡಿಲನ್‌ಗೂ ಇದೇ ಆಯಿತು. ಇಪ್ಪತ್ತೆರಡರ ಹುಡುಗ 1963ರಲ್ಲಿ ವಾಷಿಂಗ್ಟನ್ನಿನ ದೊಡ್ಡ ನಾಗರಿಕ ಹಕ್ಕು ಮೆರವಣಿಗೆಯಲ್ಲಿ ಹಾಡಿದ. ಚಳವಳಿಯ ದನಿ ಅಂತ ಜನ ಹೆಗಲ ಮೇಲೆ ಹೊತ್ತರು. 1965ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಕೂಗಾಟ. 1966ರ ಮೇನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಭಿಕನೊಬ್ಬ 'ಜೂಡಾಸ್' ಅಂತ ಕೂಗಿದ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಐವತ್ತು ವರ್ಷ ಆದ ಮೇಲೆ, 2016ರಲ್ಲಿ, ಅದೇ ಮನುಷ್ಯನಿಗೆ ಸಾಹಿತ್ಯದ ನೊಬೆಲ್. ಈಗ ಯಾರೂ ಆ ಗಿಟಾರಿನ ಜಗಳ ಎತ್ತಿಕೊಂಡು ಅವನ ಹಾಡು ತೂಗುವುದಿಲ್ಲ. ಬಿಟ್ಟು ಬಂದ ಹಾಡುಗಳೂ ಉಳಿದವು, ಆಮೇಲೆ ಕಟ್ಟಿದ ಹಾಡುಗಳೂ ಉಳಿದವು.

ಹೋಲಿಕೆ ಪೂರ್ತಿ ಒಪ್ಪೋದಿಲ್ಲ, ಗೊತ್ತು. ಡಿಲನ್ ಚಳವಳಿಯ ಹೊರಗಿನಿಂದ ಬಂದು ಹೊರಗೆ ಹೋದ. ಸಿದ್ದಲಿಂಗಯ್ಯ ಹುಟ್ಟಿದ್ದೇ ಅದರೊಳಗೆ, ಹೊರಗೆ ಹೋಗೋದಕ್ಕೆ ಅವರಿಗೆ ಇನ್ನೊಂದು ಕೇರಿ ಇರಲಿಲ್ಲ. ಹಾಗಾಗಿಯೇ ಅವರು ಬೇರೆಯದೊಂದು ದಾರಿ ಹಿಡಿದರು ಅನಿಸುತ್ತದೆ. ಅದು ನಗುವಿನ ದಾರಿ.

ಅವರ ಆತ್ಮಕತೆ 'ಊರುಕೇರಿ' ಓದಿದ್ದೀರಾ? ಇಲ್ಲದಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಅದನ್ನು ಓದಿ, ನನಗೆ ಬೇಸರವಿಲ್ಲ. ಮೊದಲ ಭಾಗ 1996ರಲ್ಲಿ ಬಂತು. ಮಂಚನಬೆಲೆಯ ಬಾಲ್ಯದ ಪುಟಗಳಲ್ಲಿ ಒಂದು ನೋಟ ಇದೆ. ಹುಡುಗ ಊರಿನ ಒಡೆಯರ ಹೊಲದ ಕಡೆ ನೋಡುತ್ತಾನೆ. ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿದ್ದಾರೆ. ಹಿಂದೆ ಒಬ್ಬ ಉಳುತ್ತಿದ್ದಾನೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಅವನ ಅಪ್ಪ.

ಅಷ್ಟೇ. ಅಲ್ಲಿ ಶಾಪ ಇಲ್ಲ, ಎದೆ ಬಡಿದುಕೊಳ್ಳೋದಿಲ್ಲ. ಮುಂದಿನ ಕತೆಗೆ ಹೋಗಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ನಿಮ್ಮನ್ನು ನಗಿಸುತ್ತಾರೆ ಕೂಡ. ನಗುತ್ತಾ ನಗುತ್ತಾ ಆ ನೊಗ ಮಾತ್ರ ನಿಮ್ಮ ಹೆಗಲ ಮೇಲೆ ಹಾಗೇ ಕೂತಿರುತ್ತದೆ, ಇಳಿಸಲಿಕ್ಕೆ ಆಗೋದಿಲ್ಲ. ಓದಲಿಕ್ಕೆ ಪ್ರಶಾಂತವಾದ ಜಾಗ ಅಂತ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ ಹುಡುಗನ ಕತೆಯೂ ಅದರಲ್ಲಿದೆ. ಓದಿ ನಗುತ್ತೇವೆ. ಆಮೇಲೆ ಯೋಚನೆ ಬರುತ್ತದೆ, ಬದುಕಿದವರ ಮನೆಗಳಲ್ಲಿ ಆ ಹುಡುಗನಿಗೆ ಕೂತು ಓದೋದಕ್ಕೆ ಒಂದು ಮೂಲೆಯೂ ಇರಲಿಲ್ಲವಲ್ಲ ಅಂತ.

ಇದನ್ನು ಬೆಂಕಿ ಆರಿದ್ದು ಅನ್ನುತ್ತೀರಾ? ನನಗೆ ಇದು ಕೆಂಡದ ಮೇಲೆ ಬೂದಿ ಮುಚ್ಚಿ ಇಟ್ಟುಕೊಂಡ ಹಾಗೆ ಕಾಣುತ್ತದೆ. ಬೆಳಿಗ್ಗೆ ಒಲೆ ಹಚ್ಚಬೇಕಾದವರು ರಾತ್ರಿ ಹಾಗೇ ಮಾಡುತ್ತಾರೆ.

ಗ್ರಾಮದೇವತೆಗಳ ಹಿಂದೆ ಹೋದದ್ದನ್ನೂ ಕೆಲವರು ಆಡಿಕೊಂಡರು. ನಾಸ್ತಿಕ ಹುಡುಗನಾಗಿದ್ದವರು ಮಾರಮ್ಮನ ಗುಡಿ ಸುತ್ತುತ್ತಿದ್ದಾರೆ ಅಂತ. ಆದರೆ ಆ ಸುತ್ತಾಟದಿಂದಲೇ ಅವರು ತಂದ ಮನೆಮಂಚಮ್ಮನ ಕತೆ ಕೇಳಿ. ಊರಿನವರು ಸೇರಿ ಅಮ್ಮನಿಗೆ ಗುಡಿ ಕಟ್ಟುತ್ತಿದ್ದಾರೆ. ಗೋಡೆ ಎದ್ದಿದೆ, ಇನ್ನೇನು ಚಾವಣಿ ಹಾಕಬೇಕು. ಅಷ್ಟರಲ್ಲಿ ಒಬ್ಬರ ಮೈಮೇಲೆ ಅಮ್ಮ ಬರುತ್ತಾಳೆ. ಏನು ಮಾಡುತ್ತಿದ್ದೀರಿ ಅಂತ ಕೇಳುತ್ತಾಳೆ. ನಿನಗೊಂದು ಮನೆ ಕಟ್ಟುತ್ತಿದ್ದೇವೆ ತಾಯಿ ಅನ್ನುತ್ತಾರೆ. ನಿಮಗೆಲ್ಲ ಮನೆ ಇದೆಯಾ ಅಂತ ಕೇಳುತ್ತಾಳೆ. ನನಗಿಲ್ಲ ಅಂತ ಒಬ್ಬ ಹೇಳುತ್ತಾನೆ. ಹಾಗಾದರೆ ನಿಮಗೆಲ್ಲ ಮನೆ ಆಗುವವರೆಗೂ ನನಗೆ ಬೇಡ ಅನ್ನುತ್ತಾಳೆ. ಗುಡಿ ಚಾವಣಿ ಇಲ್ಲದೆ ನಿಂತುಬಿಡುತ್ತದೆ. ದೇವನೂರ ಮಹಾದೇವ ಈ ಕತೆಯನ್ನು ಸಿದ್ದಲಿಂಗಯ್ಯನವರ ಹೆಸರು ಹೇಳಿಯೇ ಸಭೆಯಲ್ಲಿ ಹೇಳಿ, ಬರೆದು, ನಾಡಿಗೆಲ್ಲ ಮುಟ್ಟಿಸಿದರು.

ಈಗ ಹೇಳಿ. ನಲವತ್ತೇಳರ ಸ್ವಾತಂತ್ರ್ಯ ಯಾರ ಮನೆಗೆ ಬಂತು ಅಂತ ಕೇಳಿದ ಹುಡುಗನೂ, ಎಲ್ಲರಿಗೂ ಮನೆ ಆಗುವವರೆಗೆ ನನಗೆ ಮನೆ ಬೇಡ ಅಂದ ದೇವತೆಯನ್ನು ಹುಡುಕಿಕೊಂಡು ಹೋದ ಮೇಷ್ಟ್ರೂ ಬೇರೆ ಬೇರೆಯವರಾ? ಪ್ರಶ್ನೆ ಒಂದೇ. ಮೊದಲು ತಾವೇ ಕೇಳಿದರು, ಆಮೇಲೆ ಅಮ್ಮನ ಬಾಯಲ್ಲಿ ಕೇಳಿಸಿದರು. ಎರಡನೇ ಸಲ ಕೇಳಿದಾಗ ಊರಿನ ಗೌಡರೂ ಕೈ ಮುಗಿದು ಕೇಳಿಸಿಕೊಳ್ಳಬೇಕಾಗುತ್ತದೆ. ಕತೆಗಾರನ ಜಾಣತನ ಅಂದರೆ ಇದೇ ತಾನೇ?

ಹಾಗಂತ ಅವರು ಮಾಡಿದ್ದೆಲ್ಲ ಸರಿ ಅನ್ನುವ ವಕಾಲತ್ತು ನನ್ನದಲ್ಲ. ಅಧಿಕಾರದ ಹತ್ತಿರ ಹೋದವರನ್ನು ಜನ ಪ್ರಶ್ನೆ ಕೇಳಲೇಬೇಕು. ಯಾವ ಕುರ್ಚಿಯಲ್ಲಿ ಕೂತು ಯಾರ ಕೆಲಸ ಮಾಡಿದಿರಿ, ಯಾವಾಗ ಸುಮ್ಮನಿದ್ದಿರಿ ಅಂತ ಕೇಳೋದು ಹಕ್ಕು. ಚಳವಳಿ ಒಡೆದು ಹೋಳಾದಾಗ ಹಾಡು ಕಟ್ಟಿದವರ ಕಡೆ ಜನ ಆಸೆಯಿಂದ ನೋಡಿದರು, ಆಸೆ ಈಡೇರದೆ ನೊಂದರು. ಆ ನೋವು ನಿಜ. ನಾನು ಹೇಳೋದು ಇಷ್ಟೇ: ಆ ಲೆಕ್ಕವನ್ನು ರಾಜಕಾರಣದ ಪುಸ್ತಕದಲ್ಲಿ ಬರೆಯಿರಿ, ಹಾಡಿನ ಪುಸ್ತಕದಲ್ಲಿ ಅಲ್ಲ. ಮನುಷ್ಯ ಪರಿಷತ್ತಿಗೆ ಹೋದ ಮಾತ್ರಕ್ಕೆ ಸೈಜುಗಲ್ಲು ಹಗುರ ಆಗೋದಿಲ್ಲ.

ಇಲ್ಲಿವರೆಗೆ ಹೇಳಿದ್ದು ಒಂದು ಕಡೆಯವರ ಬಗ್ಗೆ. ಇನ್ನೊಂದು ಕಡೆಯವರು ಇದ್ದಾರೆ. ಅವರು ಇವರಿಗಿಂತ ಅಪಾಯ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯದೇ ಒಂದು ಶಾಲೆಯಲ್ಲಿ (ಹೆಸರು ಬೇಡ) ಆಗಸ್ಟ್ 15ರ ಕಾರ್ಯಕ್ರಮಕ್ಕೆ ತಯಾರಿ ನಡೀತಿತ್ತು. ಪರಿಚಯದ ಹುಡುಗನೊಬ್ಬ ಸಿದ್ದಲಿಂಗಯ್ಯನವರ ಸ್ವಾತಂತ್ರ್ಯದ ಹಾಡನ್ನು ಅವರ ತಾತನಿಂದ ಕಲಿತು ಚೆನ್ನಾಗಿ ಹಾಡುತ್ತಿದ್ದ. ಹಿಂದಿನ ದಿನ ಮೇಷ್ಟ್ರು ಕರೆದು "ಅದು ಬೇಡಪ್ಪ, ದೊಡ್ಡೋರು ಬರ್ತಾರೆ. ಅವರದೇ ಇನ್ನೊಂದು ಹಾಡು ಇದೆಯಲ್ಲ, ಬೆಳದಿಂಗಳದ್ದು, ಅದನ್ನ ಹಾಡು" ಅಂದರಂತೆ! ಸ್ವಾತಂತ್ರ್ಯ ದಿನಾಚರಣೆಗೆ ಮಧುಚಂದ್ರದ ಹಾಡು. ನಗಬೇಕೋ ಅಳಬೇಕೋ ನೀವೇ ಹೇಳಿ. ಹುಡುಗ ಎರಡನ್ನೂ ಹಾಡಲಿಲ್ಲ, ಕವಾಯತಿನ ಸಾಲಿನಲ್ಲಿ ಸುಮ್ಮನೆ ನಿಂತು ಬಂದ. ಅವನ ತಾತ ಕೇಳಿದ್ದು ಒಂದೇ ಮಾತು: "ಹಾಡು ಬೇಡ ಅಂದ್ರಾ, ಬರೆದೋರು ಬೇಡ ಅಂದ್ರಾ?"

ಆ ಪ್ರಶ್ನೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಒಬ್ಬರು ಆಮೇಲಿನ ಸಿದ್ದಲಿಂಗಯ್ಯನವರನ್ನು ಕತ್ತರಿಸಿ ಎಸೆದು ಇಪ್ಪತ್ತೊಂದರ ಹುಡುಗನನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರು ಆ ಹುಡುಗನನ್ನು ಮರೆಸಿ, ಪದ್ಮಶ್ರೀಯ ಹಾರ ಹಾಕಿದ ಫೋಟೋ ಮಾತ್ರ ಗೋಡೆಗೆ ಹೊಡೆಯುತ್ತಾರೆ. ಇಬ್ಬರೂ ಸೇರಿ ಒಬ್ಬ ಇಡೀ ಮನುಷ್ಯನನ್ನು ನಮ್ಮ ಮಕ್ಕಳಿಗೆ ಸಿಗದ ಹಾಗೆ ಮಾಡುತ್ತಿದ್ದಾರೆ.

ಇದರ ಜೊತೆಗೆ ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತಿದೆ. ಜಾನ್ ಪ್ರೈನ್ 1981ರಲ್ಲಿ ತಮ್ಮದೇ ರೆಕಾರ್ಡ್ ಕಂಪನಿ ಕಟ್ಟಿಕೊಂಡರು. ತನ್ನ ಹಾಡು, ತನ್ನ ದನಿ, ತನ್ನ ಹತ್ತಿರ. ಇವತ್ತು ನಾವು ಸೋಲೂರಿನಲ್ಲಿ ಕೂತು ಫೋನಿನಲ್ಲಿ 1971ರ ಆ ಅಂಚೆಯವನ ದನಿ ಕೇಳಬಹುದು. ನಮ್ಮ ಕಡೆ ಎಪ್ಪತ್ತು ಎಂಬತ್ತರ ದಶಕದಲ್ಲಿ ಸೈಕಲ್ ಮೇಲೆ, ಲಾರಿ ಮೇಲೆ ಊರೂರಿಗೆ ಹೋಗಿ ಈ ಹಾಡುಗಳನ್ನು ಹಾಡಿದವರ ದನಿ ಎಲ್ಲಿದೆ? ಪುಸ್ತಕದಲ್ಲಿ ಪದ ಇದೆ, ಧಾಟಿ ಇಲ್ಲ. ಧಾಟಿ ಇರೋದು ಅವರ ಗಂಟಲಲ್ಲಿ. ಒಂದೇ ಹಾಡನ್ನು ಒಂದೊಂದು ಕಡೆ ಒಂದೊಂದು ಥರ ಎತ್ತಿಕೊಳ್ಳುತ್ತಾರೆ, ತಮಟೆಯ ಏಟು ಬೇರೆ, ಸೊಲ್ಲು ಹಿಡಿಯುವ ಜಾಗ ಬೇರೆ. ಹಾಡಿದವರಿಗೆ ಈಗ ಎಪ್ಪತ್ತು ದಾಟಿದೆ. ಕೊರೋನಾ ಕವಿಯನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ, ಇಂಥ ಎಷ್ಟೋ ಗಂಟಲುಗಳನ್ನೂ ಕರೆದುಕೊಂಡು ಹೋಗಿದೆ.

ನಮ್ಮ ಪಕ್ಕದಲ್ಲೇ, ರಾಮನಗರದ ಹತ್ತಿರ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ರಾಗಿ ಬೀಸುವ ಪದ, ಸೋಬಾನೆ ಪದ ಹಾಡಿದವರು ಹೋಗಿಬಿಡು‌ತ್ತಾರೆ ಅಂತ ಆ ಹಿರಿಯರು ಊರೂರು ಅಲೆದು ಕೂಡಿಟ್ಟರು. ಚಳವಳಿಯ ಹಾಡು ಜಾನಪದ ಅಲ್ಲವೇ? ಬರೆದವರ ಹೆಸರು ಮರೆತು ಜನ "ನಮ್ಮ ಹಾಡು" ಅಂದ ಮೇಲೆ ಜಾನಪದ ಆಗೋದಕ್ಕೆ ಇನ್ನೇನು ಬಾಕಿ?

ಅದಕ್ಕೇ ನನ್ನ ಕೋರಿಕೆ ಸಣ್ಣದು. ಪುತ್ಥಳಿ ಬೇಡ, ಸರ್ಕಲ್ಲಿಗೆ ಹೆಸರಿಡೋದಕ್ಕೆ ಇನ್ನೊಂದು ಜಗಳ ಬೇಡ. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣದ ಕಾಲೇಜು ಹುಡುಗರೇ, ಹುಡುಗಿಯರೇ, ನಿಮ್ಮೆಲ್ಲರ ಕೈಯಲ್ಲಿ ಫೋನ್ ಇದೆ. ನಿಮ್ಮ ಕೇರಿಯಲ್ಲಿ, ನಿಮ್ಮ ಊರಿನಲ್ಲಿ ಆ ಕಾಲದಲ್ಲಿ ಹಾಡಿದವರು ಯಾರಾದರೂ ಇದ್ದರೆ ಹೋಗಿ ಕೂತು ಹಾಡಿಸಿ. ರೆಕಾರ್ಡ್ ಮಾಡಿಕೊಳ್ಳಿ. ಯಾವ ಊರಿನಲ್ಲಿ, ಯಾವ ಹೋರಾಟದಲ್ಲಿ ಹಾಡಿದಿರಿ ಅಂತ ಕೇಳಿ ಬರೆದಿಡಿ. ಒದೆಯಿರಿ ಅನ್ನುವ ಹಾಡನ್ನೂ ಹಾಡಿಸಿ, ಬೆಳದಿಂಗಳ ಹಾಡನ್ನೂ ಹಾಡಿಸಿ. ಫೆಬ್ರವರಿ 3ರಂದು ಮಂಚನಬೆಲೆಯಲ್ಲಿ ನಾಲ್ಕು ಜನ ಸೇರಿ ಎರಡನ್ನೂ ಒಂದೇ ಕೂಟದಲ್ಲಿ ಹಾಡಿ, 'ಊರುಕೇರಿ'ಯ ನಾಲ್ಕು ಪುಟ ಓದಿ ನಕ್ಕರೆ ಅಷ್ಟೇ ಸಾಕು.

ಮೇಷ್ಟ್ರುಗಳೇ, ನಿಮಗೂ ಒಂದು ಮಾತು. ಆಗಸ್ಟ್ 15ಕ್ಕೆ ಆ ಹಾಡು ಹಾಡಿಸಿ. ಬರುವ ದೊಡ್ಡೋರಿಗೆ ಬೇಸರ ಆಗಬಹುದು. ಆದರೆ ಆ ಹಾಡು ಕೇಳುವ ಪ್ರಶ್ನೆಗೆ ಉತ್ತರ ಇರುವ ಯಾರಿಗೂ ಅದರಿಂದ ಬೇಸರ ಆಗುವ ಕಾರಣ ಇಲ್ಲ.

ನಿಮ್ಮ ಊರಿನಲ್ಲಿ ಸಿದ್ದಲಿಂಗಯ್ಯನವರ ಹಾಡನ್ನು ಯಾವ ಧಾಟಿಯಲ್ಲಿ ಹಾಡುತ್ತಿದ್ದರು? ಹಾಡಿದವರು ಈಗ ಹೇಗಿದ್ದಾರೆ? ಗೊತ್ತಿದ್ದರೆ ಹೇಳಿ. ನನ್ನ ಮಾತು ಒಪ್ಪದಿದ್ದರೂ ಹೇಳಿ, ಜಗಳ ಆಡೋಣ. ಆದರೆ ಮೊದಲು ಆ ಹಾಡನ್ನು ಒಂದು ಸಲ ಪೂರ್ತಿ ಕೇಳಿ ಬನ್ನಿ.